ಪಪುವಾದ ಬೆಟ್ಟದ ಜನ ಈಗಲೂ ಶಿಲಾಯುಗದಲ್ಲೇ ಇದ್ದಾರೆಯೇ?

ಪ್ರಶ್ನೆ: ಇಂಡೊನೇಷ್ಯಾದ ಪಪುವಾ ಬೆಟ್ಟಗಳಲ್ಲಿ ಗುಪ್ತಾಂಗಕ್ಕೆ ಸೋರೆಬುರುಡೆಯ ಕವಚ ತೊಟ್ಟು, ಹುಲ್ಲಿನ ಗುಡಿಸಲಿನ ಮುಂದೆ ನಿಂತವರ ಚಿತ್ರಗಳನ್ನು ಆಗಾಗ ನೋಡುತ್ತೇವೆ. ಅವುಗಳ ಕೆಳಗೆ ‘ಇಂದಿಗೂ ಶಿಲಾಯುಗದಲ್ಲಿ ಬದುಕುತ್ತಿರುವ ಬುಡಕಟ್ಟು’ ಎಂದು ಬರೆದಿರುತ್ತಾರೆ. ಇದು ನಿಜವೇ? ಅಲ್ಲಿನ ಹಳ್ಳಿಯ ಬದುಕು ಹೇಗಿದೆ?

ಉತ್ತರ: ನಿಜವಲ್ಲ. ಕಳೆದ ಶತಮಾನದ ಮಧ್ಯಭಾಗದವರೆಗೂ ಈ ಬೆಟ್ಟಗಳಲ್ಲಿ ಮರ ಕಡಿಯಲು ಕಲ್ಲಿನ ಕೊಡಲಿ ಬಳಸುತ್ತಿದ್ದರು ಎಂಬಷ್ಟರ ಮಟ್ಟಿಗೆ ಆ ಮಾತಿಗೆ ಆಧಾರವಿದೆ. ಆದರೆ ಆ ಕೊಡಲಿ ಹಿಡಿದವರು ಎಷ್ಟೋ ತಲೆಮಾರುಗಳಿಂದ ಕಾಲುವೆ ತೋಡಿ, ಬೇಲಿ ಕಟ್ಟಿ, ಅದೇ ನೆಲವನ್ನು ಮತ್ತೆ ಮತ್ತೆ ಉತ್ತಿಬಿತ್ತುವ ವಿದ್ಯೆ ತಿಳಿದ ರೈತರು. ‘ಶಿಲಾಯುಗ’ ಎಂದೊಡನೆ ಬೇಟೆಯಾಡಿ, ಗುಹೆಯಲ್ಲಿ ಮಲಗುವ ಮನುಷ್ಯನ ಚಿತ್ರ ನಮ್ಮ ಕಣ್ಣಮುಂದೆ ಬರುತ್ತದೆ. ಈ ಬೇಸಾಯಗಾರರನ್ನು ಆ ಚಿತ್ರಕ್ಕೆ ಒಗ್ಗಿಸುವುದು ಅವರ ದುಡಿಮೆಗೆ ಮಾಡುವ ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕಿಂತಲೂ ದೊಡ್ಡ ತೊಂದರೆ ಇನ್ನೊಂದಿದೆ: ಅಲ್ಲಿನ ಇಂದಿನ ಕಷ್ಟಗಳೆಲ್ಲ ಹಿಂದುಳಿದ ಕಾಲದ ಉಳಿಕೆಗಳೆಂದು ನಾವು ನಂಬಿಬಿಡುತ್ತೇವೆ, ಅವುಗಳಲ್ಲಿ ಹಲವು ನಮ್ಮ ಕಾಲದಲ್ಲೇ ಹುಟ್ಟಿದವು.

ಮೊದಲು ಜಾಗದ ವಿಷಯ. ಗ್ರೀನ್‌ಲ್ಯಾಂಡ್ ಬಿಟ್ಟರೆ ಜಗತ್ತಿನ ಅತಿ ದೊಡ್ಡ ದ್ವೀಪ ನ್ಯೂಗಿನಿ. ಅದರ ಪೂರ್ವಾರ್ಧ 1975ರಲ್ಲಿ ಸ್ವತಂತ್ರವಾದ ಪಪುವಾ ನ್ಯೂಗಿನಿ ದೇಶ. ಪಶ್ಚಿಮಾರ್ಧ ಡಚ್ಚರ ಕೈ ತಪ್ಪಿ 1963ರಲ್ಲಿ ಇಂಡೊನೇಷ್ಯಾದ ಆಡಳಿತಕ್ಕೆ ಬಂತು. ದ್ವೀಪದ ನಡುವೆ ಬೆನ್ನೆಲುಬಿನಂತೆ ಹಾದುಹೋಗುವ ಪರ್ವತಸಾಲಿನ ಪಶ್ಚಿಮ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿ, ಬಾಲಿಯೆಮ್ ನದಿಯ ವಿಶಾಲವಾದ ಕಣಿವೆಯಿದೆ. ಅಲ್ಲಿ ದಾನಿ ಜನರೂ, ಸುತ್ತಲಿನ ಬೆಟ್ಟಗಳಲ್ಲಿ ಲಾನಿ, ಯಾಲಿ ಮೊದಲಾದವರೂ ನೆಲೆಸಿದ್ದಾರೆ. ಕಣಿವೆಯ ಪಟ್ಟಣ ವಾಮೆನಾ. 2022ರಲ್ಲಿ ಈ ಸೀಮೆಯನ್ನು ‘ಪಪುವಾ ಪೆಗುನುಂಗನ್’, ಅಂದರೆ ಬೆಟ್ಟದ ಪಪುವಾ, ಎಂಬ ಪ್ರತ್ಯೇಕ ಪ್ರಾಂತ್ಯವನ್ನಾಗಿ ಮಾಡಲಾಯಿತು. ಸಾವಿರಾರು ದ್ವೀಪಗಳ ಇಂಡೊನೇಷ್ಯಾದಲ್ಲಿ ಕಡಲ ತೀರವೇ ಇಲ್ಲದ ಪ್ರಾಂತ್ಯ ಇದೊಂದೇ.

ಹೊರಜಗತ್ತಿನ ಕಣ್ಣಿಗೆ ಈ ಕಣಿವೆ ಬಿದ್ದದ್ದು 1938ರ ಜೂನ್‌ನಲ್ಲಿ. ಅಮೆರಿಕದ ರಿಚರ್ಡ್ ಆರ್ಚ್‌ಬೋಲ್ಡ್ ಎಂಬ ಪ್ರಾಣಿಶಾಸ್ತ್ರಜ್ಞ ನೀರಿನ ಮೇಲೆ ಇಳಿಯಬಲ್ಲ ವಿಮಾನದಲ್ಲಿ ಆ ಬೆಟ್ಟಗಳ ಮೇಲೆ ಹಾರುತ್ತಿದ್ದಾಗ, ನಿರ್ಜನವಾದ ಕಾಡು ಇರಬಹುದೆಂದುಕೊಂಡಿದ್ದ ಕಡೆಯಲ್ಲಿ ಅಚ್ಚುಕಟ್ಟಾದ ಹೊಲಗಳು ಕಂಡವು. ಮಡಿಗಳ ನಡುವೆ ಕಾಲುವೆಗಳು ಗೆರೆ ಎಳೆದಂತೆ ಹರಿದಿದ್ದವು, ಹೊಲಗಳ ಸುತ್ತ ಬೇಲಿಗಳಿದ್ದವು, ಅಲ್ಲಲ್ಲಿ ಗುಂಪುಗುಂಪಾಗಿ ಮನೆಗಳಿದ್ದವು. ವಿಮಾನದಿಂದ ಮೊದಲು ಕಂಡದ್ದು ಬೇಸಾಯವೇ ಆಗಿದ್ದರೂ, ಮುಂದೆ ಇಡೀ ಜಗತ್ತಿಗೆ ಹಬ್ಬಿದ್ದು ಕಲ್ಲಿನ ಕೊಡಲಿಯ ಕಥೆ ಎಂಬುದನ್ನು ನೆನೆದಾಗ ಬೇಸರವಾಗುತ್ತದೆ.

ಆ ಕೊಡಲಿಯಾದರೂ ಸುಲಭವಾಗಿ ಸಿಗುತ್ತಿದ್ದ ವಸ್ತುವೇನಲ್ಲ. ಬಾಲಿಯೆಮ್‌ನಿಂದ ಹಲವು ದಿನಗಳ ನಡಿಗೆಯಷ್ಟು ದೂರದ ಯೆಲೆಮೆ ಎಂಬ ಕಡೆ ಒಳ್ಳೆಯ ಕಲ್ಲು ಸಿಗುತ್ತಿತ್ತು. ಬಂಡೆಗೆ ಒತ್ತಿ ಸೌದೆಯ ಅಟ್ಟಣೆ ಕಟ್ಟಿ, ಬೆಂಕಿ ಹಾಕಿ, ಕಾವಿಗೆ ಬಿರುಕು ಬಿಟ್ಟ ಚಕ್ಕೆಗಳನ್ನು ಕಿತ್ತು, ಬಡಿದು ಆಕಾರ ಕೊಟ್ಟು, ಆಮೇಲೆ ನೀರು ಹನಿಸುತ್ತ ಮರಳುಗಲ್ಲಿನ ಮೇಲೆ ಗಂಟೆಗಟ್ಟಲೆ ಉಜ್ಜಿ ಅಲಗು ತರುತ್ತಿದ್ದರು. ಹೀಗೆ ತಯಾರಾದ ಅಲಗುಗಳು ಕೈಯಿಂದ ಕೈಗೆ ದಾಟುತ್ತ ದೂರದ ಕಣಿವೆಗಳನ್ನು ಸೇರುತ್ತಿದ್ದವು. 1950ರ ದಶಕದಲ್ಲಿ ಕ್ರೈಸ್ತ ಮಿಷನರಿಗಳು ಮತ್ತು ಡಚ್ ಅಧಿಕಾರಿಗಳು ಬಂದು ನೆಲೆಸಿದಾಗ ಅವರ ಜೊತೆ ಉಕ್ಕಿನ ಕೊಡಲಿಯೂ ಬಂತು. ಜನ ಅದನ್ನು ಕೂಡಲೇ ಕೈಗೆತ್ತಿಕೊಂಡರು. ಇದು ಈಗ ಎರಡು ಮೂರು ತಲೆಮಾರಿನ ಹಿಂದಿನ ಮಾತು.

ಇನ್ನು ಬೇಸಾಯ. ಇದೇ ಪರ್ವತಸಾಲಿನ ಪೂರ್ವಕ್ಕೆ, ಪಪುವಾ ನ್ಯೂಗಿನಿಯ ಕುಕ್ ಎಂಬ ಜೌಗು ಪ್ರದೇಶದಲ್ಲಿ ಪುರಾತತ್ತ್ವಜ್ಞರು ನೆಲ ಅಗೆದಾಗ ಸುಮಾರು 7,000 ವರ್ಷಗಳ ಹಿಂದಿನ ಕೃಷಿಯ ಕುರುಹುಗಳೂ, ಅನಂತರದ ಕಾಲದ ಕಾಲುವೆಗಳೂ ದೊರೆತವು. ಕೆಸು ಮತ್ತು ಬಾಳೆಯನ್ನು ಅಲ್ಲಿ ಬೆಳೆಯುತ್ತಿದ್ದರು. ಪ್ರಪಂಚದಲ್ಲಿ ಕೃಷಿ ಸ್ವತಂತ್ರವಾಗಿ ಹುಟ್ಟಿದ ಕೆಲವೇ ನೆಲೆಗಳಲ್ಲಿ ಅದೂ ಒಂದೆಂದು ಪರಿಗಣಿಸಿ 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ನಾವು ಇಂದು ತಿನ್ನುವ ಬಾಳೆಯ ತಳಿಗಳ ಹಳೆಯ ಮೂಲವೊಂದು ಈ ದ್ವೀಪದಲ್ಲೂ ಇದೆ ಎಂಬುದನ್ನು ಇಲ್ಲಿ ನೆನೆಯಬಹುದು.

ಇಂದು ಬೆಟ್ಟದವರ ಮುಖ್ಯ ಆಹಾರ ಗೆಣಸು. ದಾನಿ ಭಾಷೆಯಲ್ಲಿ ಅದಕ್ಕೆ ‘ಹಿಪೆರೆ’ ಎನ್ನುತ್ತಾರೆ. ಮಧ್ಯ ಅಥವಾ ದಕ್ಷಿಣ ಅಮೆರಿಕದಲ್ಲಿ ಹುಟ್ಟಿದ ಈ ಗೆಡ್ಡೆ ಕೆಲವು ಶತಮಾನಗಳ ಹಿಂದೆ ನ್ಯೂಗಿನಿಯನ್ನು ತಲುಪಿ, ಕೆಸು ಸರಿಯಾಗಿ ಬರದಷ್ಟು ತಣ್ಣನೆಯ ಎತ್ತರಗಳಿಗೂ ಜನವಸತಿಯನ್ನು ಒಯ್ದಿತು. ಶಿವರಾತ್ರಿಯ ಉಪವಾಸಕ್ಕೋ ಸಂಜೆಯ ತಿಂಡಿಗೋ ಗೆಣಸು ಬೇಯಿಸುವ ನಮಗೆ, ಬೆಳಿಗ್ಗೆ ಬೂದಿಯಲ್ಲಿ ಸುಟ್ಟ ಗೆಣಸು, ಸಂಜೆ ಬೇಯಿಸಿದ ಗೆಣಸು, ಜೊತೆಗೆ ಅದರದೇ ಕುಡಿಯ ಸೊಪ್ಪು, ಹೀಗೆ ವರ್ಷವಿಡೀ ಉಣ್ಣುವುದನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಆದರೆ ಅವರಿಗೆ ಗೆಣಸೆಂದರೆ ಒಂದೇ ಬಗೆಯಲ್ಲ. ಒಂದೇ ಹೊಲದಲ್ಲಿ ಹತ್ತಾರು ತಳಿಗಳಿರುತ್ತವೆ, ಪ್ರತಿಯೊಂದಕ್ಕೂ ಹೆಸರಿರುತ್ತದೆ. ಎಳೆಮಕ್ಕಳಿಗೆ ಮೆತ್ತನೆಯದು, ಹಬ್ಬಕ್ಕೆ ರುಚಿಯಾದದ್ದು, ಹಂದಿಗೆ ಒರಟಾದದ್ದು ಎಂದು ಹೆಂಗಸರು ಎಲೆಯ ಆಕಾರ ನೋಡಿಯೇ ವಿಂಗಡಿಸುತ್ತಾರೆ.

ಕಣಿವೆಯ ತಳದ ಹೊಲಗಳಲ್ಲಿ ಕಾಲುವೆ ತೋಡುವುದು, ನೆಲ ಅಗೆಯುವುದು, ಬೇಲಿ ಕಟ್ಟುವುದು ಗಂಡಸರ ಕೆಲಸ. ಕುಡಿ ನೆಡುವುದು, ಕಳೆ ತೆಗೆಯುವುದು, ಗೆಡ್ಡೆ ಕೀಳುವುದು ಹೆಂಗಸರದು. ಮಳೆ ಹೆಚ್ಚಾದಾಗ ನೀರನ್ನು ಹೊರಗೆ ಹರಿಸುವ ಅದೇ ಕಾಲುವೆಯ ತಳದಲ್ಲಿ ಕೊಳೆತ ಎಲೆ, ಹೂಳು ಸೇರಿ ಕಪ್ಪನೆಯ ಕೆಸರಾಗುತ್ತದೆ. ಅದನ್ನು ಬಾಚಿ ತೆಗೆದು ಮಡಿಗಳ ಮೇಲೆ ಮೆತ್ತುತ್ತಾರೆ, ಅದೇ ಗೊಬ್ಬರ. ಬೀಳುಬಿಟ್ಟ ಜಮೀನಿನಲ್ಲಿ ಗಾಳಿಮರದ ಸಸಿಗಳನ್ನು ಬೆಳೆಸುವ ರೂಢಿಯೂ ಈ ಬೆಟ್ಟಗಳಲ್ಲಿ ಹಳೆಯದು. ನಮ್ಮ ಕರಾವಳಿಯ ಗಾಳಿಮರದ ಹತ್ತಿರದ ಬಂಧುವಾದ ಈ ಮರ, ಬೇರಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ಮನೆಗೆ ಸೌದೆ ಮತ್ತು ಬೇಲಿಗೆ ಗೂಟ ಕೊಡುತ್ತದೆ.

ಮನೆಗಳು ಸಹ ಆ ಹವೆಗೆ ತಕ್ಕಂತಿವೆ. ‘ಹೊನಾಯ್’ ಎಂಬ ದುಂಡನೆಯ ಮನೆಗೆ ಹಲಗೆಯ ಗೋಡೆ, ದಪ್ಪ ಹುಲ್ಲಿನ ಮಾಡು, ಬಗ್ಗಿಯೇ ಒಳಹೋಗಬೇಕಾದಷ್ಟು ತಗ್ಗಿನ ಬಾಗಿಲು, ಕಿಟಕಿ ಇಲ್ಲ. ಒಳಗೆ ನಡುವೆ ಒಲೆ, ಅದರ ಮೇಲೆ ಅಟ್ಟ. ರಾತ್ರಿ ಚಳಿ ಏರಿದಾಗ ಅಟ್ಟದ ಹುಲ್ಲುಹಾಸಿನ ಮೇಲೆ ಮಲಗಿದವರಿಗೆ ಕೆಳಗಿನ ಒಲೆಯ ಕಾವು ಸಿಗುತ್ತದೆ. ಅದರ ಜೊತೆಗೆ ಹೊಗೆಯೂ ಸಿಗುತ್ತದೆ, ಆದ್ದರಿಂದ ಎದೆಯ ಕಾಯಿಲೆಗಳು ಇಲ್ಲಿ ಸಾಮಾನ್ಯ. ಗಂಡಸರ ಮನೆ ಬೇರೆ, ಹೆಂಗಸರು ಮತ್ತು ಮಕ್ಕಳ ಮನೆ ಬೇರೆ, ಉದ್ದನೆಯ ಅಡುಗೆಮನೆ ಬೇರೆ, ಹಂದಿಗಳ ಕೊಟ್ಟಿಗೆ ಬೇರೆ. ಇವೆಲ್ಲ ಒಂದೇ ಬೇಲಿಯೊಳಗಿನ ಅಂಗಳದ ಸುತ್ತ ನಿಂತಿರುತ್ತವೆ.

ಸಮುದ್ರದಿಂದ ಇಷ್ಟು ದೂರದಲ್ಲಿ ಉಪ್ಪು ಎಲ್ಲಿಂದ ಎಂದು ಕೇಳಬಹುದು. ಬಾಲಿಯೆಮ್ ಕಣಿವೆಯ ಜಿವಿಕಾ ಹಳ್ಳಿಯ ಮೇಲಿನ ಗುಡ್ಡದಲ್ಲಿ ಉಪ್ಪುನೀರಿನ ಒರತೆಯೊಂದಿದೆ. ಹೆಂಗಸರು ಬಾಳೆಯ ಕಾಂಡವನ್ನು ಪಟ್ಟಿಪಟ್ಟಿಯಾಗಿ ಸೀಳಿ, ಗುಡ್ಡ ಹತ್ತಿ, ಆ ನೀರಿನಲ್ಲಿ ನೆನೆಹಾಕಿ ಚೆನ್ನಾಗಿ ತುಳಿದು ಹಿಸುಕುತ್ತಾರೆ. ಉಪ್ಪು ಹೀರಿದ ಪಟ್ಟಿಗಳನ್ನು ಹೊತ್ತು ತಂದು, ಒಣಗಿಸಿ, ಸುಟ್ಟರೆ ಉಳಿಯುವ ಬೂದಿಯೇ ಉಪ್ಪು. ಅದನ್ನು ಎಲೆಯಲ್ಲಿ ಕಟ್ಟಿ ಇಡುತ್ತಾರೆ. ಹೊರುವುದಕ್ಕೆ ಹಣೆಯಿಂದ ಬೆನ್ನ ಮೇಲೆ ಇಳಿಬಿಟ್ಟ ‘ನೋಕೆನ್’ ಎಂಬ ಹೆಣೆದ ಚೀಲವಿದೆ. ಗೆಣಸು, ಸೌದೆ, ಹಂದಿಮರಿ, ಎಳೆಗೂಸು ಎಲ್ಲವೂ ಅದರಲ್ಲೇ. ಹೆಣೆಯುವವರು ಕಡಿಮೆಯಾಗುತ್ತಿರುವುದರಿಂದ 2012ರಲ್ಲಿ ಯುನೆಸ್ಕೊ ಈ ಕಲೆಯನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಇಷ್ಟೆಲ್ಲ ಜಾಣ್ಮೆಯ ಬೇಸಾಯದಲ್ಲಿ ಒಂದು ದುರ್ಬಲ ಕೊಂಡಿಯಿದೆ. ಗೆಣಸನ್ನು ರಾಗಿಯಂತೆ ಕಣಜದಲ್ಲಿ ಕೂಡಿಡಲಾಗದು. ಕಿತ್ತ ಕೆಲವೇ ದಿನಗಳಲ್ಲಿ ಅದು ಕೆಡುತ್ತದೆ. ಆದ್ದರಿಂದ ಅವರ ಕಣಜವೆಂದರೆ ಹೊಲವೇ. ಬೇಕಾದಾಗ ಬೇಕಾದಷ್ಟು ಕೀಳುತ್ತಾರೆ, ಕಿತ್ತ ಕಡೆ ಮತ್ತೆ ನೆಡುತ್ತಾರೆ. ಪೆಸಿಫಿಕ್ ಸಾಗರದ ನೀರು ಎಂದಿಗಿಂತ ಬೆಚ್ಚಗಾಗುವ ಎಲ್ ನಿನೊ ವರ್ಷಗಳಲ್ಲಿ ಮಳೆ ನಿಂತು, ಮೋಡವಿಲ್ಲದ ರಾತ್ರಿಗಳಲ್ಲಿ ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿ, ಎತ್ತರದ ಕಣಿವೆಗಳಲ್ಲಿ ಹಿಮದ ಹರಳು ಕಟ್ಟಿದಾಗ ಬಳ್ಳಿಗಳು ಒಂದೇ ರಾತ್ರಿಯಲ್ಲಿ ಸುಟ್ಟಂತೆ ಕಪ್ಪಾಗುತ್ತವೆ. ಬಳ್ಳಿ ಸತ್ತರೆ ಮುಂದೆ ನೆಡಲು ಕುಡಿಯೂ ಇರುವುದಿಲ್ಲ. ಎಲ್ಲಿಂದಲೋ ಕುಡಿ ತಂದು ನೆಟ್ಟರೂ ಆ ತಂಪಿನಲ್ಲಿ ಗೆಡ್ಡೆ ಬಲಿಯಲು ಆರು ತಿಂಗಳಿಗೂ ಹೆಚ್ಚು ಬೇಕು. ಹಿಂದೆ ಇಂಥ ಸಮಯದಲ್ಲಿ ಜನ ತಗ್ಗಿನ ಕಣಿವೆಗಳಲ್ಲಿರುವ ನೆಂಟರ ಊರಿಗೆ ಇಳಿದು ಹೋಗುತ್ತಿದ್ದರು, ಮದುವೆ ಸಂಬಂಧಗಳೇ ಅವರಿಗೆ ವಿಮೆಯಾಗಿದ್ದವು. 1997ರ ಬರದಲ್ಲಿ ನೂರಾರು ಜನ ಸತ್ತರು. 2023ರಲ್ಲಿ ಪುಂಚಾಕ್ ಜಿಲ್ಲೆಯ ಅಗಂದುಗುಮೆ ಮತ್ತು ಲಂಬೆವಿ ಎಂಬ ಕಡೆಗಳಲ್ಲಿ ಹಿಮ ಮತ್ತು ಬರ ಒಟ್ಟಿಗೆ ಬಂದು ಸುಮಾರು 7,500 ಮಂದಿ ಸಂಕಷ್ಟಕ್ಕೆ ಸಿಲುಕಿದರು, 6 ಮಂದಿ ಸತ್ತರೆಂದು ಅಧಿಕಾರಿಗಳೇ ತಿಳಿಸಿದರು. ನೆರವಿನ ಆಹಾರ ಸಿನಾಕ್‌ನ ವಿಮಾನಪಟ್ಟಿಯವರೆಗೆ ಬಂತು; ಅಲ್ಲಿಂದ ಮುಂದಕ್ಕೆ ಬೆಟ್ಟದ ಕಾಲುದಾರಿ.

ಈ ಹಳ್ಳಿಗಳ ನಿಜವಾದ ಕಷ್ಟ ಆ ಕಾಲುದಾರಿಯಲ್ಲಿದೆ. ಅನೇಕ ಹಳ್ಳಿಗಳಿಗೆ ರಸ್ತೆಯಿಲ್ಲ, ಗುಡ್ಡದ ಇಳಿಜಾರಿನಲ್ಲಿ ಹುಲ್ಲು ಸವರಿ ಮಾಡಿದ ಚಿಕ್ಕ ವಿಮಾನಪಟ್ಟಿಯೇ ಹೆದ್ದಾರಿ. ಅವುಗಳಲ್ಲಿ ಎಷ್ಟೋ ಪಟ್ಟಿಗಳನ್ನು ಊರವರೇ ಕೈಯಿಂದ ಅಗೆದು ಸಮಮಾಡಿದ್ದಾರೆ. ವಿಮಾನ ಏರಿನ ಕಡೆಗೆ ಇಳಿಯಬೇಕು, ಇಳಿಜಾರಿನ ಕಡೆಗೆ ಹಾರಬೇಕು, ಮಧ್ಯಾಹ್ನ ಮೋಡ ಕವಿಯುವ ಮೊದಲೇ ಕೆಲಸ ಮುಗಿಸಬೇಕು. ಹೆರಿಗೆ ಕಷ್ಟವಾದ ಹೆಂಗಸನ್ನು ಬೆಳಿಗ್ಗೆ ಪಟ್ಟಿಗೆ ಹೊತ್ತು ತಂದರೂ ಅಂದು ಮೋಡ ತಿಳಿಯಾಗದಿದ್ದರೆ ಮತ್ತೆ ಮನೆಗೆ ಹೊತ್ತುಕೊಂಡು ಹೋಗಬೇಕು. ಆಕಾಶಮಾರ್ಗವಾಗಿ ಬಂದ ಸಾಮಾನಿನ ಬೆಲೆಯೂ ಆಕಾಶದಲ್ಲೇ ಇರುತ್ತದೆ. ದೇಶದ ಬೇರೆಡೆ ಲೀಟರಿಗೆ 7,000 ರೂಪಿಯಾಗಿಂತ ಕಡಿಮೆಯಿದ್ದ ಪೆಟ್ರೋಲು ಇಲ್ಲಿ 50,000 ದಾಟಿ ಮಾರಾಟವಾಗುತ್ತಿತ್ತು. 2016ರಲ್ಲಿ ಅಂದಿನ ಅಧ್ಯಕ್ಷ ಜೋಕೊ ವಿಡೊಡೊ ಇದೇ ಸೀಮೆಯ ಯಾಹುಕಿಮೊಗೆ ಬಂದು ದೇಶಕ್ಕೆಲ್ಲ ಒಂದೇ ಇಂಧನ ಬೆಲೆಯ ಯೋಜನೆ ಆರಂಭಿಸಿದ್ದು ಈ ಕಾರಣಕ್ಕೇ.

ಹೊರಗಿನಿಂದ ಬಂದದ್ದೆಲ್ಲ ಒಳಿತನ್ನೇ ಮಾಡಲಿಲ್ಲ ಎಂಬುದಕ್ಕೆ ಒಂದು ಪ್ರಸಂಗ ಹೇಳಬೇಕು. 1970ರ ದಶಕದ ಆರಂಭದಲ್ಲಿ, ಬಾಲಿಯೆಮ್‌ನ ಪಶ್ಚಿಮಕ್ಕಿರುವ ಪಾನಿಯಾಯ್ ಸರೋವರಗಳ ಬಳಿಯ ಚಿಕ್ಕ ಆಸ್ಪತ್ರೆಗೆ ತೀವ್ರವಾದ ಸುಟ್ಟಗಾಯಗಳ ರೋಗಿಗಳು ಇದ್ದಕ್ಕಿದ್ದಂತೆ ಹೆಚ್ಚಾಗಿ ಬರತೊಡಗಿದರು. ರಾತ್ರಿ ಒಲೆಯ ಪಕ್ಕ ಮಲಗಿದವರಿಗೆ ಮೂರ್ಛೆ ಬಂದು ಬೆಂಕಿಗೆ ಉರುಳುತ್ತಿದ್ದರು. ಮೂರ್ಛೆಗೆ ಕಾರಣ ಹಂದಿಯ ಲಾಡಿಹುಳು. ಅದರ ಮರಿಗಳು ಮಿದುಳಿನಲ್ಲಿ ಗಂಟು ಕಟ್ಟಿದ್ದವು. ಈ ಹುಳು ಆ ಬೆಟ್ಟಗಳಲ್ಲಿ ಹಿಂದೆ ಇರಲೇ ಇಲ್ಲ, ಬಾಲಿ ದ್ವೀಪದಿಂದ ತಂದು ಜನರಿಗೆ ಉಡುಗೊರೆಯಾಗಿ ಕೊಟ್ಟ ಹಂದಿಗಳ ಜೊತೆ ಬಂದಿತ್ತು. ಮದುವೆಗೂ ಸಾವಿಗೂ ಜಗಳದ ರಾಜಿಗೂ ಹಂದಿಯೇ ಬೇಕಾದ ಸಮಾಜಕ್ಕೆ ಇದಕ್ಕಿಂತ ಕ್ರೂರವಾದ ಉಡುಗೊರೆ ಇರಲಾರದು. ಅದೇ ದಶಕದಲ್ಲಿ ಸರ್ಕಾರ ‘ಕೊತೆಕಾ ಕಾರ್ಯಾಚರಣೆ’ ಎಂಬ ಹೆಸರಿನಲ್ಲಿ ಗಂಡಸರ ಸೋರೆಬುರುಡೆಯ ಕವಚವನ್ನು ಬಿಡಿಸಿ ಚಡ್ಡಿ ತೊಡಿಸಲು ಹೊರಟಿತು. ಒಗೆಯಲು ಸಾಬೂನು, ಬದಲಿಸಲು ಇನ್ನೊಂದು ಜೊತೆ ಇಲ್ಲದ ಕಡೆ ಕೊಟ್ಟ ಬಟ್ಟೆ ಚರ್ಮರೋಗವನ್ನೂ ತಂದಿತು. ಇಂದು ವಾಮೆನಾದ ಬೀದಿಯಲ್ಲಿ ಪ್ಯಾಂಟು, ಅಂಗಿ, ಮೊಬೈಲ್ ಎಲ್ಲವೂ ಸಾಮಾನ್ಯ. ನೀವು ನೋಡಿದ ಚಿತ್ರಗಳಲ್ಲಿ ಹೆಚ್ಚಿನವು ಪ್ರತಿ ವರ್ಷ ಆಗಸ್ಟ್ ತಿಂಗಳಲ್ಲಿ ಪ್ರವಾಸಿಗರ ಮುಂದೆ ನಡೆಯುವ ಬಾಲಿಯೆಮ್ ಉತ್ಸವದಂಥ ಸಂದರ್ಭಗಳವಾಗಿರುವ ಸಾಧ್ಯತೆಯೇ ಹೆಚ್ಚು.

ಹಾಗಾದರೆ ರಸ್ತೆ ಬಂದರೆ ಎಲ್ಲ ಸರಿಹೋಗುತ್ತದೆಯೇ? ರಸ್ತೆ ಬೇಕು ಎನ್ನುವುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ಅಲ್ಲಿ ರಸ್ತೆಯೂ ರಾಜಕೀಯದ ನಡುವೆಯೇ ಹಾದುಹೋಗುತ್ತದೆ. ಸ್ವಾತಂತ್ರ್ಯ ಬೇಕೆನ್ನುವ ಸಶಸ್ತ್ರ ಗುಂಪುಗಳಿಗೂ ಇಂಡೊನೇಷ್ಯಾದ ಸೇನೆಗೂ ದಶಕಗಳಿಂದ ಕಾದಾಟವಿದೆ. 2018ರ ಡಿಸೆಂಬರ್‌ನಲ್ಲಿ ನ್‌ಡುಗಾ ಜಿಲ್ಲೆಯಲ್ಲಿ ಹೆದ್ದಾರಿಯ ಸೇತುವೆ ಕಟ್ಟುತ್ತಿದ್ದ ಕಾರ್ಮಿಕರನ್ನು ಬಂಡುಕೋರರು ಕೊಂದರು. ಅನಂತರದ ಸೇನಾ ಕಾರ್ಯಾಚರಣೆಯಲ್ಲಿ ಸಾವಿರಾರು ಹಳ್ಳಿಗರು ಊರು ಬಿಟ್ಟು ಕಾಡಿನ ದಾರಿಯಲ್ಲಿ ಓಡಿದರು. 2023ರಲ್ಲಿ ಅದೇ ಜಿಲ್ಲೆಯ ಪಾರೊ ಎಂಬಲ್ಲಿ ಇಳಿದ ಚಿಕ್ಕ ವಿಮಾನವನ್ನು ಸುಟ್ಟು, ನ್ಯೂಜಿಲೆಂಡಿನ ಪೈಲಟ್ ಒಬ್ಬರನ್ನು ಬಂಡುಕೋರರು ಒತ್ತೆಯಿಟ್ಟುಕೊಂಡರು. ಅವರ ಬಿಡುಗಡೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ವಿಮಾನ ಇಳಿಯಲು ಹೆದರಿದ ಊರಿಗೆ ಔಷಧಿಯೂ ಇಳಿಯುವುದಿಲ್ಲ, ಮೇಷ್ಟ್ರೂ ಇಳಿಯುವುದಿಲ್ಲ.

ಓಡಿಹೋದವರಲ್ಲಿ ಅನೇಕರು ವಾಮೆನಾ ಸುತ್ತಮುತ್ತಲಿನ ನೆಂಟರ ಹೊನಾಯ್‌ಗಳಲ್ಲಿ ಆಶ್ರಯ ಪಡೆದರು. ಹಿಂದೆ ಹಿಮ ಬಿದ್ದಾಗ ಮಾಡುತ್ತಿದ್ದಂತೆಯೇ ಇದು. ವ್ಯತ್ಯಾಸವೆಂದರೆ ಹಿಮ ಕರಗಿದ ಮೇಲೆ ಊರಿಗೆ ಮರಳಬಹುದಿತ್ತು. ಕೀಳುತ್ತಲೇ ನೆಡಬೇಕಾದ ಬೆಳೆಯ ಹೊಲ ಒಂದು ವರ್ಷ ಕೈಬಿಟ್ಟರೆ ಕಾಲುವೆಗಳು ಹೂಳಿನಿಂದ ತುಂಬುತ್ತವೆ, ಬೇಲಿ ಬೀಳುತ್ತದೆ, ಹಂದಿಗಳು ಮಡಿಗಳನ್ನು ಉತ್ತುಹಾಕುತ್ತವೆ, ಅಜ್ಜಿಯ ಕಾಲದಿಂದ ಬಂದ ತಳಿಗಳು ಹೆಸರಿನ ಸಮೇತ ಇಲ್ಲವಾಗುತ್ತವೆ. ಮರಳಿ ಹೋಗುವ ದಿನ ಬಂದರೆ ಅವರು ಮೊದಲು ಹುಡುಕಬೇಕಾದದ್ದು ನೆಡಲು ಒಂದು ಹೊರೆ ಗೆಣಸಿನ ಕುಡಿ.