ತಲಪಾಡಿ ಗಡಿ ದಾಟಿದರೆ ಮದ್ದಿನ ಬೆಲೆ ಬದಲಾಗುತ್ತದಾ?

ಪ್ರಶ್ನೆ: ಅಮ್ಮನ ಸಕ್ಕರೆ ಕಾಯಿಲೆಗೆ ಮಂಗಳೂರಿನಲ್ಲಿ ಕೊಳ್ಳುವ ಮಾತ್ರೆಗೆ ಒಂದು ರೇಟು. ಗಡಿಯಾಚೆ, ಕೇರಳದ ಕುಂಬಳೆಯ ಮೆಡಿಕಲ್‌ನಲ್ಲಿ ಅದೇ ಮದ್ದಿಗೆ ಇನ್ನೊಂದು. ಎರಡು ರಾಜ್ಯಗಳಲ್ಲಿ ಬೆಲೆಯೂ ಬೇರೆಯಾ?

ಇಲ್ಲ. ಮದ್ದಿನ ಬೆಲೆಗೆ ಮಿತಿ ಹಾಕುವುದು ಕೇಂದ್ರದ ಔಷಧ ಬೆಲೆ ಪ್ರಾಧಿಕಾರ, ಅಂದರೆ ಎನ್‌ಪಿಪಿಎ. ರಾಜ್ಯಗಳಲ್ಲ. ಸ್ಟ್ರಿಪ್ಪಿನ ಹಿಂದೆ ಬ್ರ್ಯಾಂಡ್ ಹೆಸರು, ಎಂಆರ್‌ಪಿ ನೋಡಿ. ಬ್ರ್ಯಾಂಡ್ ಒಂದೇ ಆಗಿದ್ದರೆ ವ್ಯತ್ಯಾಸ ಸಾಮಾನ್ಯವಾಗಿ ಅಂಗಡಿಯವರು ಬಿಡುವ ಡಿಸ್ಕೌಂಟಿನದ್ದು. ಬ್ರ್ಯಾಂಡ್ ಬೇರೆಯಾಗಿದ್ದರೆ ಒಳಗಿನ ಮದ್ದು ಅದೇ ಇದ್ದರೂ ಎಂಆರ್‌ಪಿ ಎಷ್ಟೋ ಪಟ್ಟು ಜಾಸ್ತಿ ಇರಬಹುದು.

ಮಿತಿ ಇದ್ದೂ ಹೀಗೇಕೆ? ಕೇಂದ್ರದ 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ಗರಿಷ್ಠ ಬೆಲೆ ಇರುವುದು ಮುಖ್ಯವಾಗಿ ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮದ್ದಿಗೆ. ಮಾರುಕಟ್ಟೆಯಲ್ಲಿ ಶೇ. 1ಕ್ಕಿಂತ ಕಡಿಮೆಯಿಲ್ಲದ ಪಾಲು ಇರುವ ಬ್ರ್ಯಾಂಡ್‌ಗಳು ಅಂಗಡಿಗೆ ಕೊಡುವ ದರದ ಸರಾಸರಿ ತೆಗೆದು, ಅದಕ್ಕೆ ಅಂಗಡಿಯ ಶೇ. 16 ಲಾಭ ಸೇರಿಸುತ್ತಾರೆ. ತಯಾರಿಸಲು ತಗಲುವ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ದುಬಾರಿ ಬ್ರ್ಯಾಂಡ್‌ಗಳೇ ತುಂಬಿದ್ದರೆ ಮಿತಿಯೂ ದುಬಾರಿಯೇ. ನನ್ನ ಪ್ರಕಾರ ಇದು ದೊಡ್ಡ ಕೊರತೆ. ಪಟ್ಟಿಯ ಹೊರಗಿನ ಮದ್ದಿಗೆ ವರ್ಷಕ್ಕೆ ಶೇ. 10ರವರೆಗೆ ಬೆಲೆ ಏರಿಸಬಹುದು.

ಪೈಪೋಟಿ ನಿಜಕ್ಕೂ ನಡೆದಾಗ ಏನಾಗುತ್ತದೆ ಅನ್ನುವುದಕ್ಕೆ ಸಕ್ಕರೆ ಕಾಯಿಲೆಯದ್ದೇ ಎಂಪಾಗ್ಲಿಫ್ಲೋಜಿನ್ ಸಾಕ್ಷಿ. 2025ರ ಮಾರ್ಚ್‌ನಲ್ಲಿ ಅದರ ಪೇಟೆಂಟ್, ಅಂದರೆ ಒಂದೇ ಕಂಪನಿಗಿದ್ದ ಹಕ್ಕು, ಮುಗಿಯಿತು. ಹಲವು ಕಂಪನಿಗಳು ಒಟ್ಟಿಗೇ ಇಳಿದವು. ಸುಮಾರು 60 ರೂಪಾಯಿಯ ಮಾತ್ರೆ 10 ರೂಪಾಯಿಗೂ ಕಡಿಮೆಗೆ ಸಿಗತೊಡಗಿತು.

ಆದರೆ ಅದು ಅಮ್ಮನ ಕೈ ಸೇರಬೇಕಲ್ವಾ? ತೊಡಕಿರುವುದೇ ಅಲ್ಲಿ. ಅಕ್ಕಿ, ಬೇಳೆಯಾದರೆ ನಾವೇ ಆರಿಸುತ್ತೇವೆ. ಮದ್ದನ್ನು ಆರಿಸುವವರು ಡಾಕ್ಟರು, ದುಡ್ಡು ಕೊಡುವವರು ನಾವು. ಹಾಗಾಗಿ ಕಂಪನಿಗಳ ಪೈಪೋಟಿ ಹೆಚ್ಚಾಗಿ ಡಾಕ್ಟರ ಚೀಟಿಗಾಗಿ ನಡೆಯುತ್ತದೆ, ನಮ್ಮ ಜೇಬಿಗೆ ಅನುಕೂಲವಾಗಲಿ ಅಂತಲ್ಲ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿದ್ದರೆ ಅಂಗಡಿಯವರು ತಾವಾಗಿ ಬೇರೆಯದನ್ನು ಕೊಡುವುದಕ್ಕೂ ಕಾನೂನಿನ ಒಪ್ಪಿಗೆ ಇಲ್ಲ.

ಅದಕ್ಕೇ ಮುಂದಿನ ಸಲ ಹೋದಾಗ, "ಡಾಕ್ಟ್ರೇ, ಬ್ರ್ಯಾಂಡ್ ಬದಲು ಮದ್ದಿನ ಮೂಲ ಹೆಸರನ್ನೇ (ಜೆನೆರಿಕ್) ಬರೆದುಕೊಡಿ" ಅಂತ ಸಂಕೋಚವಿಲ್ಲದೆ ಕೇಳಿ. ಆ ಚೀಟಿ ಹಿಡಿದು, ಜೆನೆರಿಕ್ ಮದ್ದು ಅಗ್ಗಕ್ಕೆ ಸಿಗುವ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಬ್ರ್ಯಾಂಡ್ ಬದಲಿಸಬಾರದು ಅಂತ ಡಾಕ್ಟರು ಹೇಳಿದರೆ ಕೇರಳ ಸರಕಾರದ ಕಾರುಣ್ಯ ಫಾರ್ಮಸಿ ನೋಡಿ, ಅಲ್ಲಿ ಬ್ರ್ಯಾಂಡ್ ಮದ್ದಿಗೂ ರಿಯಾಯಿತಿ ಇದೆ. ಸುಮ್ನೆ ನೀವಾಗಿಯೇ ಮಾತ್ರೆ ಬದಲಿಸಬೇಡಿ. ಹೊಸದು ಶುರುಮಾಡಿದ ಮೇಲೆ ಅಮ್ಮನ ಸಕ್ಕರೆ ಯಾವಾಗ ಪರೀಕ್ಷಿಸಬೇಕು ಅಂತಲೂ ಡಾಕ್ಟರ ಹತ್ತಿರವೇ ಕೇಳಿಕೊಂಡು ಬನ್ನಿ.