ಗಾಜಿನ ಹಿಂದಿನ ಚಿನ್ನದೆಲೆ ನಿಜವಾದ ಚಿನ್ನದ್ದೇ?

ಪ್ರಶ್ನೆ: ಬೆಂಗಳೂರಿನ ಯುಬಿ ಸಿಟಿಯಂಥ ಕಡೆ ದುಬಾರಿ ಬ್ರ್ಯಾಂಡ್‌ಗಳ ಅಂಗಡಿಗಳಲ್ಲಿ ಅಷ್ಟು ದೊಡ್ಡ ಗಾಜಿನ ಕಿಟಕಿಯೊಳಗೆ ಒಂದೇ ಒಂದು ಕೈಚೀಲವನ್ನಿಟ್ಟು, ಸುತ್ತಲೂ ಚಿನ್ನದ ಎಲೆಗಳನ್ನು ತೂಗುಬಿಟ್ಟು, ಅಮೃತಶಿಲೆಯ ಕಂಬ ನಿಲ್ಲಿಸಿರುತ್ತಾರೆ. ಇದಕ್ಕೆ ಲಕ್ಷಗಟ್ಟಲೆ ಖರ್ಚಾಗುತ್ತದೆಂದು ಕೇಳಿದ್ದೇನೆ. ಅವೆಲ್ಲ ಅಸಲಿ ವಸ್ತುಗಳೇ?

ಉತ್ತರ: ಅಲ್ಲ. ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎಷ್ಟು ಸಲ ಬಂದಿದೆಯೆಂದರೆ, ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಓದಿ ಎಂದು ಹೇಳುವ ಅನುಕೂಲಕ್ಕಾದರೂ ಈ ಸಲ ವಿವರವಾಗಿ ಬರೆಯುತ್ತಿದ್ದೇನೆ. ನೀವು ನೋಡಿದ ಚಿನ್ನದೆಲೆ ಬಹುಪಾಲು ಸಂದರ್ಭಗಳಲ್ಲಿ ಲೇಸರ್ ಯಂತ್ರದಲ್ಲಿ ಕತ್ತರಿಸಿದ ತೆಳು ಅಕ್ರಿಲಿಕ್, ಇಲ್ಲವೇ ಬಣ್ಣ ಹೊಡೆದ ಅಲ್ಯೂಮಿನಿಯಂ ತಗಡು. ಅಮೃತಶಿಲೆಯ ಕಂಬವೆಂಬುದು ಥರ್ಮೋಕೋಲನ್ನು ಕೆತ್ತಿ ಮೇಲೆ ಫೈಬರ್ ಹೊದಿಸಿದ ಟೊಳ್ಳು ಕಂಬ, ಅಥವಾ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆಯ ಮೇಲೆ ಅಂಟಿಸಿದ ಮುದ್ರಿತ ವಿನೈಲ್ ಹಾಳೆ. ಚೀಲ ಮಾತ್ರ ಸಾಮಾನ್ಯವಾಗಿ ಅಸಲಿಯೇ. ಅದನ್ನೂ ಆಗಾಗ ಬದಲಿಸುತ್ತಿರಬೇಕು. ದಿನವಿಡೀ ದೀಪದ ಕೆಳಗಿದ್ದರೆ ಚರ್ಮದ ಮತ್ತು ರೇಷ್ಮೆಯ ಬಣ್ಣ ಮಾಸುತ್ತದೆ.

ಇಷ್ಟು ಹೇಳಿದರೆ ಉತ್ತರ ಮುಗಿಯಬೇಕಿತ್ತು. ಮುಗಿಯುವುದಿಲ್ಲ; ಏಕೆಂದರೆ ಕೂಡಲೇ ಎರಡನೆಯ ಮಾತು ಬರುತ್ತದೆ: ‘ಹಾಗಾದರೆ ಅದೆಲ್ಲ ಅಗ್ಗದ ಸಾಮಾನು, ಖರ್ಚಿನ ಲೆಕ್ಕ ಬರೀ ಬೂಟಾಟಿಕೆ.’ ಬೆಲೆಯೆಲ್ಲ ವಸ್ತುವಿನಲ್ಲೇ ಅಡಗಿದೆ ಎಂಬ ಈ ನಂಬಿಕೆಯೇ ನನ್ನನ್ನು ಹೆಚ್ಚು ದಣಿಸಿರುವುದು. ಅದು ನಮ್ಮವರಲ್ಲಿ ಬೇರೂರಿರುವುದಕ್ಕೆ ಕಾರಣವೂ ಇದೆ. ಒಡವೆಯನ್ನು ತೂಕದಿಂದ, ಸೀರೆಯನ್ನು ಜರಿಯಿಂದ, ಬಾಗಿಲನ್ನು ತೇಗದ ಮರದಿಂದ ಅಳೆಯುತ್ತ ಬೆಳೆದವರು ನಾವು. ಆ ಅಳತೆ ಅಲ್ಲೆಲ್ಲ ಸರಿಯೂ ಹೌದು, ಏಕೆಂದರೆ ಅವು ಉಳಿಯುವ ವಸ್ತುಗಳು, ಮುಂದೊಂದು ದಿನ ಮಾರಬಹುದಾದವು. ಕಿಟಕಿಯ ಅಲಂಕಾರ ಕೆಲವು ವಾರಗಳ ಮಾತು. ಅದನ್ನು ಯಾರೂ ಮುಟ್ಟುವುದಿಲ್ಲ, ಎತ್ತಿ ನೋಡುವುದಿಲ್ಲ, ಕೊಳ್ಳುವುದಿಲ್ಲ. ನೋಡುವ ಕಣ್ಣಿಗೆ ಏನು ಕಾಣುತ್ತದೆಯೋ ಅಷ್ಟೇ ಅದರ ಬದುಕು.

ಈ ಮಾತಿಗೆ ಸಾಕ್ಷಿ ಬೇಕಿದ್ದರೆ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂಗೆ ಹೋಗಬೇಕು. ಅಲ್ಲಿನ ಟಿಫನಿ ಆಭರಣದಂಗಡಿಯ ಕಿಟಕಿಗಳನ್ನು 1955ರಿಂದ 1994ರವರೆಗೆ ರೂಪಿಸಿದವರು ಜೀನ್ ಮೂರ್. ಟಿಫನಿಯ ಕಿಟಕಿಗಳು ಚಿಕ್ಕವು, ಒಳಗಿಡುತ್ತಿದ್ದುದು ವಜ್ರ. ಆ ವಜ್ರದ ಪಕ್ಕದಲ್ಲಿ ಮೂರ್ ಚಿನ್ನದ ತಟ್ಟೆಯನ್ನಾಗಲಿ ಮಖಮಲ್ಲಿನ ಗುಡ್ಡೆಯನ್ನಾಗಲಿ ಇಡದೆ, ಮಣ್ಣು, ದಾರದಂಥ ಬೀದಿಬದಿಯ ವಸ್ತುಗಳನ್ನು ಇಡುತ್ತಿದ್ದರು. ಬೆಲೆಯಿಲ್ಲದ್ದರ ನಡುವೆ ಬೆಲೆಯುಳ್ಳದ್ದು ತಾನಾಗಿ ಎದ್ದು ಕಾಣುತ್ತದೆ ಎಂಬುದೇ ಅವರ ಲೆಕ್ಕಾಚಾರ. 1965ರಲ್ಲಿ ನ್ಯೂಯಾರ್ಕ್ ನಗರಕ್ಕೆ ನೀರಿನ ಬರ ಬಂದಾಗ ಅವರ ಕಿಟಕಿಯಲ್ಲೊಂದು ಕಾರಂಜಿ ಇತ್ತು. ನಗರದ ನೀರನ್ನು ಹಾಗೆ ಚಿಮ್ಮಿಸುವುದು ಸರಿಯಲ್ಲವೆಂದು ಅವರು ಅದರಲ್ಲಿ ಜಿನ್ ತುಂಬಿಸಿ ಹರಿಸಿದರು. ದುಬಾರಿ ದ್ರವ ಬಳಸಿದರಲ್ಲ ಎಂದು ವಾದಿಸುವವರಿಗೆ ಹೇಳುವುದಿಷ್ಟೇ: ಗಾಜಿನ ಆಚೆ ನಿಂತವನಿಗೆ ಅದು ನೀರಿನಂತೆಯೇ ಕಾಣುತ್ತಿತ್ತು. ಮುಂದೆ ಹೆಸರಾಂತ ಚಿತ್ರಕಾರರಾದ ಜಾಸ್ಪರ್ ಜಾನ್ಸ್ ಮತ್ತು ರಾಬರ್ಟ್ ರೌಶೆನ್‌ಬರ್ಗ್ ಕೂಡ 1950ರ ದಶಕದಲ್ಲಿ ‘ಮ್ಯಾಟ್ಸನ್ ಜೋನ್ಸ್’ ಎಂಬ ಹುಸಿಹೆಸರಿಟ್ಟುಕೊಂಡು ಇದೇ ಮೂರ್ ಅವರಿಗೆ ಕಿಟಕಿಯ ಕೆಲಸ ಮಾಡಿಕೊಡುತ್ತಿದ್ದರು. ಅಂಗಡಿಗೆ ಬೇಕಿದ್ದುದು ಅವರ ಕೈ ಮತ್ತು ಕಣ್ಣು.

ಹಾಗಾದರೆ ಹಣ ಎಲ್ಲಿಗೆ ಹೋಗುತ್ತದೆ? ಮೊದಲು ಫಿನಿಷಿಂಗಿಗೆ. ಎರಡು ಅರ್ಧಗೋಳಗಳನ್ನು ಕೂಡಿಸಿ ಮಾಡಿದ ಒಂದು ಚೆಂಡನ್ನು ತೆಗೆದುಕೊಳ್ಳಿ. ಕೂಡಿಸಿದ ಕಡೆ ಗೆರೆ ಉಳಿಯುತ್ತದೆ. ಅದಕ್ಕೆ ಪುಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ನಯವಾದ ಎಮರಿ ಕಾಗದದಿಂದ ನೀರು ಹಾಕಿ ಉಜ್ಜಿ, ಆಮೇಲೆ ಧೂಳಿಲ್ಲದ ಕೋಣೆಯಲ್ಲಿ ಡ್ಯೂಕೋ ಎಂಬ ಹೊಳಪಿನ ಬಣ್ಣವನ್ನು ಪದರ ಪದರವಾಗಿ ಸ್ಪ್ರೇ ಮಾಡಬೇಕು. ಮನೆಯ ಕಪಾಟಿಗಾದರೆ ಇದರ ಅರ್ಧ ಸಾಕು. ಕಿಟಕಿಯಲ್ಲಿ ಸಾಲದು, ಅಲ್ಲಿ ಮೇಲಿನಿಂದ ಓರೆಯಾಗಿ ಬೀಳುವ ಸ್ಪಾಟ್‌ಲೈಟು ಕೂದಲೆಳೆಯಷ್ಟು ಉಬ್ಬನ್ನೂ ನೆರಳು ಮಾಡಿ ತೋರಿಸುತ್ತದೆ, ನೋಡುವವನು ನಿಂತಿರುವುದು ಎರಡು ಮೂರು ಅಡಿ ದೂರದಲ್ಲಿ. ಗೆರೆಯೊಂದು ಕಂಡಿತೆಂದರೆ ಆ ಚೆಂಡು ಥರ್ಮೋಕೋಲಾಗಿಬಿಡುತ್ತದೆ, ಪಕ್ಕದ ಚೀಲದ ಮೇಲೂ ಅನುಮಾನ ಬರುತ್ತದೆ. ಕುಶಲ ಪೇಂಟರನ ದಿನಗೂಲಿಯೇ ಇಲ್ಲಿ ಫೈಬರ್, ಹಲಗೆ, ಬಣ್ಣ ಎಲ್ಲದರ ಬೆಲೆಯನ್ನೂ ಮೀರುವುದು ಅಪರೂಪವಲ್ಲ.

ಎರಡನೆಯದು, ಯಾರೂ ಊಹಿಸದ ಖರ್ಚು: ಹಿಂಬಾಗಿಲು. ಮುಂದಿನ ಗಾಜು ತೆರೆಯುವುದಿಲ್ಲ. ಒಳಗೆ ಹೋಗಬೇಕಾದುದೆಲ್ಲ ಅಂಗಡಿಯ ಕಡೆಯಿಂದ, ಒಬ್ಬ ಮನುಷ್ಯ ಮೈ ಓರೆ ಮಾಡಿ ನುಸುಳಬಹುದಾದಷ್ಟು ಕಿರಿದಾದ ಬಾಗಿಲಿನಲ್ಲೇ ಹೋಗಬೇಕು. ಹತ್ತಡಿಯ ಕಂಬವನ್ನು ಆ ಬಾಗಿಲಿನ ಅಳತೆಗೆ ತುಂಡು ಮಾಡಿ, ಒಳಗೆ ಜೋಡಿಸಿದ ಮೇಲೆ ತುಂಡಾಗಿದ್ದ ಗುರುತು ಸಿಗದಂತೆ ಮೊದಲೇ ಯೋಚಿಸಿ ಮಾಡುವುದು ಬಡಗಿತನದ ಒಂದು ಬೇರೆಯೇ ಶಾಖೆ. ಅಳತೆ ತೆಗೆಯಲು ಹೋದವನು ಗಾಜಿನ ಉದ್ದಗಲ ಬರೆದುಕೊಂಡು ಬಾಗಿಲನ್ನು ಮರೆತು ಬಂದರೆ ಏನಾಗುತ್ತದೆಂಬುದನ್ನು ಈ ವೃತ್ತಿಯಲ್ಲಿರುವ ಎಲ್ಲರೂ ಬಲ್ಲರು. ಇನ್ನು ಕೆಲಸವೆಲ್ಲ ನಡೆಯುವುದು ಅಂಗಡಿ ಮುಚ್ಚಿದ ಮೇಲೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಕಿಟಕಿ ಸಿದ್ಧವಾಗಿ, ಅಕ್ರಿಲಿಕ್ಕಿನ ಮೇಲೆ ಒಂದು ಬೆರಳಗುರುತೂ ಇರಬಾರದು. ನಿಜವಾದ ಅಮೃತಶಿಲೆ ಬಳಸದಿರುವುದಕ್ಕೆ ಜಿಪುಣತನ ಕಾರಣವಲ್ಲವೆಂಬುದು ಈಗ ಹೊಳೆದಿರಬಹುದು. ಆ ಬಾಗಿಲಿನಲ್ಲಿ, ಆ ರಾತ್ರಿಯೊಂದರಲ್ಲಿ, ತೂಕ ಹೊರಲೆಂದು ಕಟ್ಟಿರದ, ಕಿಟಕಿಯೊಳಗಿನ ಮರದ ಅಟ್ಟಣೆಯ ಮೇಲೆ ಅದನ್ನು ನಿಲ್ಲಿಸುವವರಾರು?

ಮೂರನೆಯದು ಮಾದರಿಗಳ ಖರ್ಚು, ಅದನ್ನು ಚಿಕ್ಕದಾಗಿ ಹೇಳುತ್ತೇನೆ. ವಿನ್ಯಾಸ ಪ್ಯಾರಿಸ್ಸಿನಿಂದಲೋ ಮಿಲಾನಿನಿಂದಲೋ ಬರುತ್ತದೆ, ಕಿಟಕಿಗಳು ಊರೂರಿಗೂ ಬೇರೆ ಅಳತೆಯವು. ಬಣ್ಣದ ತುಂಡು, ವಸ್ತುವಿನ ತುಂಡು, ಪೂರ್ಣಗಾತ್ರದ ಒಂದು ಮಾದರಿ, ಹೀಗೆ ಒಪ್ಪಿಗೆಗೆ ಹೋಗಿ ತಿರಸ್ಕೃತವಾಗಿ ಮರಳುವುದೆಲ್ಲವೂ ಲೆಕ್ಕದಲ್ಲಿ ಸೇರುತ್ತದೆ.

ಒಂದು ನ್ಯಾಯವಾದ ಆಕ್ಷೇಪವಿದೆ, ಅದನ್ನು ಮುಚ್ಚಿಡಬಾರದು. ಪ್ಯಾರಿಸ್ಸಿನ 24, ಫೋಬೂರ್ ಸೇಂತೊನೊರೆ ಬೀದಿಯ ಎರ್ಮೆಸ್ ಎಂಬ ದುಬಾರಿ ಚರ್ಮದ ಸಾಮಾನಿನ ಅಂಗಡಿಯ ಕಿಟಕಿಗಳನ್ನು 1978ರಿಂದ 2013ರವರೆಗೆ ನೋಡಿಕೊಂಡ ಲೈಲಾ ಮೆನ್ಶಾರಿ ನಕಲಿ ವಸ್ತುಗಳಿಗೆ ಒಲಿದವರಲ್ಲ. ಟ್ಯೂನಿಸ್‌ನಲ್ಲಿ ಹುಟ್ಟಿ 1961ರಲ್ಲಿ ಆ ಅಂಗಡಿ ಸೇರಿದ ಆಕೆ ಋತುವಿಗೊಂದರಂತೆ ವರ್ಷಕ್ಕೆ ನಾಲ್ಕು ಸಲ ಕಿಟಕಿಗಳನ್ನು ಹೊಸದಾಗಿ ಕಟ್ಟುತ್ತಿದ್ದರು. ಶಿಲ್ಪಿಗಳಿಂದ, ಚರ್ಮದ ಕುಶಲಕರ್ಮಿಗಳಿಂದ ಅದಕ್ಕೆಂದೇ ವಸ್ತುಗಳನ್ನು ಮಾಡಿಸುತ್ತಿದ್ದರು. 2017ರಲ್ಲಿ ಅವುಗಳ ಪ್ರದರ್ಶನ ಪ್ಯಾರಿಸ್ಸಿನ ಗ್ರ್ಯಾಂಡ್ ಪ್ಯಾಲೆ ಎಂಬ ಪ್ರದರ್ಶನ ಭವನದಲ್ಲಿ ನಡೆಯಿತು. ಆದರೆ ಅಲ್ಲಿಯೂ ಬೆಲೆ ಕಟ್ಟಬೇಕಾದುದು ಕಸುಬಿಗೇ. ಒಳ್ಳೆಯ ಚರ್ಮವನ್ನು ರಾಶಿ ಹಾಕಿ ದೀಪ ಹಚ್ಚಿದ್ದರೆ ಅದನ್ನು ನೋಡಲು ಯಾರೂ ಬೀದಿ ದಾಟಿ ಬರುತ್ತಿರಲಿಲ್ಲ.

ದೀಪದ ಮಾತು ಬಂದದ್ದರಿಂದ, ಯಾರೂ ನೇರವಾಗಿ ಕೇಳದ, ಆದರೆ ಗೊಣಗಿಕೊಳ್ಳುವ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಹಗಲಿನಲ್ಲಿ ಕಿಟಕಿಯ ಫೋಟೋ ತೆಗೆದರೆ ಚೀಲದ ಬದಲು ನಿಮ್ಮದೇ ಮುಖ, ಹಿಂದಿನ ಆಟೋ, ಎದುರಿನ ಮರ ಬರುತ್ತವೆ. ಮಾಮೂಲಿ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬೀಳುವ ಬೆಳಕಿನ ಶೇ. 4ರಷ್ಟನ್ನು ಹಿಂದಿರುಗಿಸುತ್ತದೆ, ಎರಡೂ ಸೇರಿ ಶೇ. 8. ಕೇಳಲು ಅಲ್ಪವೆನಿಸುತ್ತದೆ. ಆದರೆ ಬೆಳಕನ್ನು ಅಳೆಯುವ ಲಕ್ಸ್ ಲೆಕ್ಕದಲ್ಲಿ ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಬಿಸಿಲಿನಲ್ಲಿ ಬಿಳಿ ಅಂಗಿ ತೊಟ್ಟು ನಿಂತವನ ಬಿಂಬ ಗಾಜಿನಲ್ಲಿ 8,000 ಲಕ್ಸ್ ಬೆಳಕಿನಲ್ಲಿಟ್ಟ ಬಿಳಿ ವಸ್ತುವಿನಷ್ಟು ಹೊಳೆಯುತ್ತದೆ. ಒಳಗೆ ವಿನ್ಯಾಸಕ ಹಚ್ಚಿದ್ದು 2,000 ಲಕ್ಸ್ ಎಂದಿಟ್ಟುಕೊಳ್ಳಿ, ಅದೂ ಕಡಿಮೆ ಬೆಳಕೇನಲ್ಲ. ಆದರೂ ಅಂಗಿ ಚೀಲಕ್ಕಿಂತ ನಾಲ್ಕು ಪಟ್ಟು ಪ್ರಕಾಶಮಾನ. ಹಿನ್ನೆಲೆಗೆ ಕಪ್ಪು ಬಣ್ಣ ಹೊಡೆದಿದ್ದರಂತೂ ಗಾಜು ಪೂರ್ತಿ ಕನ್ನಡಿಯೇ. ಬಿಸಿಲಿಗೆ ಮುಖ ಮಾಡಿದ ಕಿಟಕಿಗೆ ತಿಳಿದವರು ತಿಳಿಬಣ್ಣದ ಹಿನ್ನೆಲೆ ಹಾಕುವುದು ಇದಕ್ಕೇ.

ಲಂಡನ್ನಿನಲ್ಲಿ ಇದಕ್ಕೆ 1930ರ ದಶಕದಲ್ಲೇ ಒಂದು ಸೊಗಸಾದ ಪರಿಹಾರ ಕಂಡುಕೊಂಡಿದ್ದರು. ಟಾಟನ್‌ಹ್ಯಾಮ್ ಕೋರ್ಟ್ ರಸ್ತೆಯ ಹೀಲ್ಸ್ ಪೀಠೋಪಕರಣದಂಗಡಿಯಲ್ಲಿ ಗಾಜನ್ನು ಒಳಮುಖವಾಗಿ ಬಾಗಿಸಿ ಕೂರಿಸಿದರು. ನೋಡುವವನ ಕಣ್ಣಿಗೆ ಬೀದಿಯ ಬಿಂಬ ತಲುಪುವ ಬದಲು, ಬಾಗಿದ ಗಾಜಿನಲ್ಲಿ ಅಲ್ಲೇ ಇಟ್ಟ ಕಪ್ಪು ಪಟ್ಟಿಯ ಬಿಂಬ ಮಾತ್ರ ತಲುಪುತ್ತದೆ, ಕಪ್ಪಿನ ಬಿಂಬ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಗಾಜೇ ಇಲ್ಲವೆನಿಸುತ್ತದೆ. ಆದರೆ ಆ ಬಾಗು ಕಿಟಕಿಯ ಆಳವನ್ನು ಬಹಳವಾಗಿ ನುಂಗುತ್ತದೆ, ಚದರಡಿ ಲೆಕ್ಕದಲ್ಲಿ ಬಾಡಿಗೆ ಕಟ್ಟುವ ಅಂಗಡಿಗೆ ಅದು ಒಗ್ಗುವುದಿಲ್ಲ. ಈಗ ಅದರ ಬದಲು ಪ್ರತಿಫಲನವನ್ನು ಶೇ. 1ಕ್ಕೂ ಕೆಳಗಿಳಿಸುವ ಲೇಪನದ ಗಾಜು ಸಿಗುತ್ತದೆ. ಬೆಲೆ ಹೆಚ್ಚು, ಎಲ್ಲ ಕಟ್ಟಡಗಳಲ್ಲೂ ಹಾಕಿರುವುದಿಲ್ಲ. ಹಾಕಿರದ ಕಡೆ ಚೀಲದ ಫೋಟೋ ಬೇಕಿದ್ದವರು ಸಂಜೆ ಏಳರ ಮೇಲೆ ಹೋಗಲಿ, ಇಲ್ಲವೇ ಮೊಬೈಲಿನ ಲೆನ್ಸನ್ನು ಗಾಜಿಗೆ ಒತ್ತಿ ಹಿಡಿದು ತೆಗೆಯಲಿ. ಕಾವಲಿನವರು ಏನೂ ಅನ್ನುವುದಿಲ್ಲ. ಗಾಜು ಒರೆಸುವವರು ಮಾತ್ರ ಗೊಣಗಬಹುದು.