ಬೆನ್ನುನೋವು, ಸುಸ್ತು, ಮತ್ತು ರಿಪೋರ್ಟಿನ ಒಂದು ಸಾಲು

ಮೈಲೋಮಾ ಅಂದರೆ ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಒಂದು ರಕ್ತದ ಕ್ಯಾನ್ಸರ್. ಇದರ ರೋಗಿಗಳು ನನ್ನ ಹತ್ತಿರ ಬರುವಾಗ ಕೈಯಲ್ಲಿ ದಪ್ಪ ಫೈಲ್ ಇರುತ್ತದೆ. ಬೆನ್ನುನೋವಿಗೆ ಮೂಳೆ ಡಾಕ್ಟರು, ಸುಸ್ತಿಗೆ ಕಬ್ಬಿಣದ ಮಾತ್ರೆ, ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿದ್ದಕ್ಕೆ ಕಿಡ್ನಿ ಡಾಕ್ಟರು. ಮೂರರ ಬೇರೂ ಒಂದೇ ಇರಬಹುದು ಅಂತ ಯಾರಿಗೂ ಹೊಳೆದಿರುವುದಿಲ್ಲ.

ಮೂಳೆಯ ಮಜ್ಜೆಯಲ್ಲಿರುವ ಪ್ಲಾಸ್ಮಾ ಕೋಶಗಳ ಕೆಲಸ ಆ್ಯಂಟಿಬಾಡಿ ತಯಾರಿಸುವುದು. ಅದರಲ್ಲೊಂದು ಕೆಟ್ಟು, ತನ್ನಂಥದ್ದನ್ನೇ ಹುಟ್ಟಿಸುತ್ತಾ ಹೋದರೆ ಒಂದೇ ಥರದ, ಉಪಯೋಗಕ್ಕೆ ಬಾರದ ಪ್ರೋಟೀನ್ ರಕ್ತಕ್ಕೆ ಸೇರುತ್ತದೆ. ಇದೇ ಎಂ ಪ್ರೋಟೀನ್. ಹಿಮೋಗ್ಲೋಬಿನ್ ಇಳಿಯುತ್ತದೆ. ಮೂಳೆ ಸವೆದು ತೂತು ಬೀಳುತ್ತದೆ, ಅಲ್ಲಿನ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತದೆ. ಪ್ರೋಟೀನ್ ತುಂಡುಗಳು ಕಿಡ್ನಿಯ ನಾಳಗಳಲ್ಲಿ ಕಟ್ಟಿಕೊಳ್ಳುತ್ತವೆ.

ಸುಳಿವು ಎಷ್ಟೋ ಸಲ ಹಳೆಯ ಲಿವರ್ ರಿಪೋರ್ಟಿನಲ್ಲೇ ಇರುತ್ತದೆ. ಒಟ್ಟು ಪ್ರೋಟೀನ್ 10, ಆಲ್ಬುಮಿನ್ 3 ಅಂತಿದ್ದರೆ ಉಳಿದ 7 ಗ್ರಾಂ ಗ್ಲಾಬ್ಯುಲಿನ್, ಅಂದರೆ ಆ್ಯಂಟಿಬಾಡಿಗಳೂ ಸೇರಿದ ಪ್ರೋಟೀನ್ ಗುಂಪು, ಎಲ್ಲಿಂದ ಬಂತು? ಲಿವರ್ ಚೆನ್ನಾಗಿದೆ ಅಂತ ಪುಟ ತಿರುವುವವರೇ ಜಾಸ್ತಿ. ಹಾಗಂತ ಗ್ಲಾಬ್ಯುಲಿನ್ ಏರಿದ್ದೆಲ್ಲ ಮೈಲೋಮಾ ಅಲ್ಲ. ಬಹುಕಾಲದಿಂದ ಇರುವ ಸೋಂಕಿನಲ್ಲೂ ಏರುತ್ತದೆ. ರಕ್ತದ ಪ್ರೋಟೀನ್‌ಗಳನ್ನು ಬೇರ್ಪಡಿಸಿ ಗ್ರಾಫಿನಲ್ಲಿ ತೋರಿಸುವ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆ ಮಾಡಿದರೆ ಸೋಂಕಿನಲ್ಲಿ ಅಗಲವಾದ ದಿಬ್ಬ ಕಾಣುತ್ತದೆ, ಮೈಲೋಮಾದಲ್ಲಿ ಚೂಪಾದ ಶಿಖರ.

ಇಲ್ಲೂ ಒಂದು ಮೋಸವಿದೆ. ಕೆಲವರಲ್ಲಿ ಕೆಟ್ಟ ಕೋಶಗಳು ಪೂರ್ತಿ ಆ್ಯಂಟಿಬಾಡಿ ಬದಲು ಲೈಟ್ ಚೈನ್ ಅನ್ನೋ ತುಂಡುಗಳನ್ನಷ್ಟೇ ಬಿಡುತ್ತವೆ. ಆಗ ಶಿಖರ ಕಾಣದೇ ಹೋಗಬಹುದು. ಮೂತ್ರಕ್ಕೆ ಅದ್ದುವ ಪಟ್ಟಿಯೂ ಮುಖ್ಯವಾಗಿ ಆಲ್ಬುಮಿನ್ ಹಿಡಿಯುತ್ತದೆ, ಇದನ್ನಲ್ಲ. ಅದಕ್ಕೇ ರಕ್ತದ ಫ್ರೀ ಲೈಟ್ ಚೈನ್ ಪರೀಕ್ಷೆಯನ್ನೂ ಜೊತೆಗೇ ಬರೆಯುತ್ತೇನೆ. ಮೂಳೆ ನೋಡಲು ಬೋನ್ ಸ್ಕ್ಯಾನ್ ಸಾಲದು. ಅದು ಹೊಸ ಮೂಳೆ ಬೆಳೆಯುವ ಜಾಗ ತೋರಿಸುತ್ತದೆ, ಈ ಕಾಯಿಲೆಯಲ್ಲಿ ಬೆಳೆಯುವುದೇ ನಿಂತಿರುತ್ತದೆ. ಇಡೀ ಮೈಯ ಸಿಟಿ, ಪೆಟ್-ಸಿಟಿ ಅಥವಾ ಎಂಆರ್‌ಐ ಬೇಕು.

ಕೊನೆಗೆ ಸೊಂಟದ ಹಿಂಭಾಗದ ಮೂಳೆಯಿಂದ ಮಜ್ಜೆ ತೆಗೆಯುತ್ತೇವೆ. ಕೆಟ್ಟ ಪ್ಲಾಸ್ಮಾ ಕೋಶ ಶೇ 10 ಅಥವಾ ಹೆಚ್ಚಿದ್ದು, ಜೊತೆಗೆ ಮೂಳೆ, ಕಿಡ್ನಿ, ಹಿಮೋಗ್ಲೋಬಿನ್, ಕ್ಯಾಲ್ಸಿಯಂಗಳಲ್ಲಿ ಒಂದಾದರೂ ಇದರಿಂದಲೇ ಕೆಟ್ಟಿದ್ದರೆ ಮೈಲೋಮಾ. ಶೇ 60 ಅಥವಾ ಹೆಚ್ಚಿದ್ದರೆ ಬೇರೆ ತೊಂದರೆಗೆ ಕಾಯದೆ ಚಿಕಿತ್ಸೆ ಶುರು ಮಾಡುತ್ತೇವೆ. 2014ರಲ್ಲಿ ಬದಲಾದ ನಿಯಮ ಇದು. ಎಂ ಪ್ರೋಟೀನ್ ಸ್ವಲ್ಪವೇ ಇದ್ದು ಬೇರೇನೂ ಕೆಟ್ಟಿಲ್ಲದಿದ್ದರೆ ಅದು ಎಂಜಿಯುಎಸ್ ಅನ್ನೋ ಸ್ಥಿತಿ, ಕ್ಯಾನ್ಸರ್ ಅಲ್ಲ. ವರ್ಷಕ್ಕೆ ನೂರರಲ್ಲಿ ಸುಮಾರು ಒಬ್ಬರಿಗೆ ಮೈಲೋಮಾದಂಥ ಕಾಯಿಲೆಯಾಗಿ ಮುಂದುವರಿಯುತ್ತದೆ, ಆಗಾಗ ರಕ್ತ ನೋಡಿಸಿದರೆ ಸಾಕು.

ರಿಪೋರ್ಟ್ ಬರುವವರೆಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ನೋವಿಗೆ ಅಂತ ನುಂಗಿದ ಈ ಮಾತ್ರೆಗಳೇ ಸೋತ ಕಿಡ್ನಿಯನ್ನು ಮಲಗಿಸಿದ್ದನ್ನು ನೋಡಿದ್ದೇನೆ. ಬೆನ್ನುನೋವಿನ ಜೊತೆ ಕಾಲಿಗೆ ಬಲವಿಲ್ಲದಂತಾದರೆ, ಮೂತ್ರ ಹಿಡಿತ ತಪ್ಪಿದರೆ ರಿಪೋರ್ಟಿಗೂ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.